ಕೀಚಕವಧೆಯಲ್ಲಿ ಅಪರಾಧಿ ಯಾರು?

ಅರಸನು ವಿಧಿಸಬೇಕಾದ ದಂಡವನ್ನು ನೊಂದವನೇ ಕೈಗೆತ್ತಿಕೊಂಡು ವಿಧಿಸುವ ಕಥೆಗಳು ಇಂದಿನ ಕಾದಂಬರಿಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ವಿಪುಲವಾಗಿವೆ. ಇವನ್ನು ಓದಿ, ನೋಡಿ ಸಂತೋಷಪಡುವುದು ಧರ್ಮಸಮ್ಮತವೆ? ‘ದುಷ್ಟನು ಸತ್ತನು, ಒಳ್ಳೆಯದಾಯಿತು’ ಎಂದು ಕೆಲವರು ಮಾತು ಮುಗಿಸುವರು. ‘ಇವು ಹಿಂಸೆಯನ್ನು ಕಲಿಸುತ್ತವೆ, ಮಕ್ಕಳ ಕೈಗೆ ಕೊಡಬಾರದು’ ಎಂದು ಮತ್ತೆ ಕೆಲವರು ಬಾಗಿಲು ಮುಚ್ಚುವರು. ಎರಡೂ ಆತುರದ ತೀರ್ಪುಗಳು. ಈ ವಿಚಾರಕ್ಕೆ ಒರೆಗಲ್ಲು ನಮ್ಮಲ್ಲಿಯೇ ಇದೆ. ಬಸವನಗುಡಿ, ಜಯನಗರ, ಬನಶಂಕರಿಗಳಲ್ಲಿ ಗಮಕಿಗಳ ಕಂಠದಿಂದ ಇಂದಿಗೂ ಕೇಳಿಬರುವ ವಿರಾಟಪರ್ವದ ಕೀಚಕವಧೆಯೇ ಅದು.

ಕಥೆ ಎಲ್ಲರೂ ಬಲ್ಲದ್ದು. ಆದರೆ ಅದರಲ್ಲಿನ ಘಟನೆಗಳ ಕ್ರಮವನ್ನು ಗಮನಿಸತಕ್ಕದ್ದು. ತುಂಬಿದ ಸಭೆಯಲ್ಲಿ ಕೀಚಕನು ಸೈರಂಧ್ರಿಯನ್ನು ಒದೆಯುತ್ತಾನೆ. ಆಕೆ ಮೊದಲು ಮೊರೆಯಿಡುವುದು ಗಂಡಂದಿರಲ್ಲಿ ಅಲ್ಲ, ಅರಸನಲ್ಲಿ. ವ್ಯಾಸಭಾರತದ ವಿರಾಟನು, ತನ್ನ ಕಣ್ಮರೆಯಲ್ಲಿ ಹುಟ್ಟಿದ ಜಗಳದ ನಿಜವನ್ನರಿಯದೆ ತಾನು ಹೇಗೆ ನಿರ್ಣಯಿಸಲಿ ಎಂದು ಜಾರಿಕೊಳ್ಳುತ್ತಾನೆ. ಕಂಕನಾಗಿದ್ದ ಧರ್ಮರಾಜನೋ ಅಜ್ಞಾತವಾಸಕ್ಕೆ ಭಂಗ ಬಂದೀತೆಂದು ಆಕೆಯನ್ನು ಒಳಗೆ ಹೋಗೆನ್ನುತ್ತಾನೆ. ಇದಾದ ಬಳಿಕವೇ ಆಕೆ ನಡುರಾತ್ರಿಯಲ್ಲಿ ಬಾಣಸಿನ ಮನೆಯ ಕದವನ್ನು ಸೇರುವುದು. ಕುಮಾರವ್ಯಾಸನು ಆ ರಾತ್ರಿಯನ್ನು ಇನ್ನೂ ಹಿಗ್ಗಿಸಿದ್ದಾನೆ. ಅವನ ಭೀಮನು ಥಟ್ಟನೆ ಗದೆ ಹಿಡಿದು ಏಳುವವನಲ್ಲ. ಅಣ್ಣನ ಆಜ್ಞೆಯನ್ನು ಮೀರಲಾರೆನೆಂದು ಕಹಿಮಾತುಗಳನ್ನಾಡಿ ಹಿಂಜರಿಯುತ್ತಾನೆ. ಕಡೆಗೆ ಅವನನ್ನು ಎಬ್ಬಿಸುವುದು ದ್ರೌಪದಿಯ ಕಣ್ಣೀರು.

ಆತತಾಯಿಯನ್ನು ವಿಚಾರಮಾಡದೆ ಕೊಲ್ಲಬಹುದೆಂದು ಮನುಸ್ಮೃತಿಯಲ್ಲಿಯೇ ಇರುವಾಗ ಇಷ್ಟು ವಿವೇಚನೆ ಏಕೆ ಎಂದು ಪಂಡಿತರು ಕೇಳಬಹುದು. ಮೇಲೆ ಬೀಳುತ್ತಿರುವವನನ್ನು ತಡೆಯುವ ಕ್ಷಣಕ್ಕೆ ಆ ವಿಧಿ ಸಲ್ಲತಕ್ಕದ್ದು. ಹೇಳಿಕಳುಹಿಸಿ, ಕತ್ತಲ ನಾಟ್ಯಶಾಲೆಗೆ ಕರೆಸಿ ಕೊಲ್ಲುವುದಕ್ಕೆ ಅದನ್ನು ಎಳೆಯುವುದು ಕಷ್ಟ. ೧೮೬೦ರ ದಂಡಸಂಹಿತೆಯೂ, ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯೂ ಇದನ್ನೇ ಹೇಳುತ್ತವೆ: ಅಧಿಕಾರಿಗಳ ಆಶ್ರಯ ಪಡೆಯಲು ಕಾಲಾವಕಾಶವಿದ್ದಲ್ಲಿ ಆತ್ಮರಕ್ಷಣೆಯ ಹಕ್ಕು ಇಲ್ಲ. ದ್ರೌಪದಿಯಾದರೋ ಆಶ್ರಯವನ್ನು ಬೇಡಿದ್ದಳು, ಅದು ದೊರೆಯಲಿಲ್ಲ. ಆದಕಾರಣ ಈ ಕಥೆಯಲ್ಲಿ ಕೀಚಕನು ಪಾಪಿಯಾದರೂ, ಕವಿಯ ಕಟಕಟೆಯಲ್ಲಿ ನಿಂತಿರುವ ಅಪರಾಧಿಯು ವಿರಾಟನೇ ಎಂದು ನನ್ನ ಅಭಿಪ್ರಾಯ.

ಕೃಷ್ಣಾಜಿ ಪ್ರಭಾಕರ ಖಾಡಿಲಕರರು ೧೯೦೭ರಲ್ಲಿ ಮರಾಠಿಯಲ್ಲಿ ‘ಕೀಚಕವಧ’ ನಾಟಕವನ್ನು ರಂಗಕ್ಕೆ ತಂದಾಗ ಪ್ರೇಕ್ಷಕರು ಕೀಚಕನಲ್ಲಿ ಕರ್ಜನ್ ಪ್ರಭುವನ್ನು ಕಂಡರು. ೧೯೧೦ರಲ್ಲಿ ಸರ್ಕಾರವು ಅದನ್ನು ನಿಷೇಧಿಸಿತು. ಪುರಾಣಪುರುಷನಾದ ಭೀಮನಿಗೆ ಸರ್ಕಾರವು ಅಂಜಬೇಕಾದುದೇನು? ಕಿವುಡಾದ ಸಭೆ ಯಾವುದೆಂದು ಜನರು ಗುರುತಿಸಿದುದೇ ಅದರ ಅಂಜಿಕೆಗೆ ಕಾರಣ.

ಇನ್ನೊಂದು ಮಾತು. ಪ್ರಾಚೀನರು ಕೊಲೆಯೊಡನೆ ಕಥೆಯನ್ನು ನಿಲ್ಲಿಸಲಿಲ್ಲ. ಕೀಚಕನು ಸತ್ತೊಡನೆ ಅವನ ತಮ್ಮಂದಿರು ಸೈರಂಧ್ರಿಯನ್ನು ಹೆಣದೊಡನೆ ಸುಡಲು ಕಟ್ಟಿ ಒಯ್ಯುತ್ತಾರೆ. ಅವರೂ ನೂರಕ್ಕೆ ಮಿಗಿಲಾಗಿ ಸಾಯುತ್ತಾರೆ. ಬೆದರಿದ ಅರಸನು ನೊಂದವಳನ್ನೇ ಊರುಬಿಟ್ಟು ಹೋಗೆನ್ನುತ್ತಾನೆ. ಸಭೆಯನ್ನು ದಾಟಿದ ದಂಡವು ಒಂದು ತಲೆಯಲ್ಲಿ ನಿಲ್ಲುವುದಿಲ್ಲ. ಗದಾಯುದ್ಧದ ಪ್ರಸಂಗದಲ್ಲಿಯೂ ತೊಡೆ ಮುರಿದ ಭೀಮನ ಮೇಲೆ ಬಲರಾಮನು ಕ್ರುದ್ಧನಾಗುತ್ತಾನೆ. ಕೃಷ್ಣನು ಅವನನ್ನು ತಡೆದನೇ ಹೊರತು ಅವನ ಆಕ್ಷೇಪವು ಅಳಿಯಲಿಲ್ಲ. ಭೀಮನನ್ನೇ ನಾಯಕನನ್ನಾಗಿ ಮಾಡಿದ ರನ್ನನೂ ದುರ್ಯೋಧನನಿಗೆ ನಮ್ಮ ಕನಿಕರವನ್ನು ನಿರಾಕರಿಸಲಿಲ್ಲ.

ಹೊಸಗಾಲದ ಕಥೆಗಳನ್ನು ಈ ಒರೆಗಲ್ಲಿಗೆ ಹಚ್ಚಬೇಕು. ಎಚ್. ಕೆ. ಅನಂತರಾಯರ ಕಾದಂಬರಿಯಿಂದ ೧೯೮೧ರಲ್ಲಿ ಚಿತ್ರವಾದ ‘ಅಂತ’ದಲ್ಲಿ ಯಾತನೆಗೀಡಾಗುವವನು ಆರಕ್ಷಕಾಧಿಕಾರಿ, ಸಭೆಯನ್ನು ಕಾಯುವವನಿಗೇ ಸಭೆಯಲ್ಲಿ ರಕ್ಷಣೆಯಿಲ್ಲ. ಅಲ್ಲಿ ವಿರಾಟನ ವಿಚಾರಣೆ ಉಂಟು. ಅನಂತರ ಬಂದ ಅನೇಕ ಕಥೆಗಳಲ್ಲಿ ಸಭೆಯೂ ಇಲ್ಲ, ಹಿಂಜರಿಕೆಯೂ ಇಲ್ಲ, ಬಲರಾಮನೂ ಇಲ್ಲ. ಮಿಕ್ಕಿರುವುದು ನಾಟ್ಯಶಾಲೆಯ ಮುಷ್ಟಿಯೊಂದೆ.

ಅದು ಬರಿಯ ರಸಭಂಗವಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವಿರುವ ಚಾಮರಾಜಪೇಟೆಯಲ್ಲಿಯೇ, ೨೦೧೮ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳನೆಂಬ ಗಾಳಿಮಾತನ್ನು ನಂಬಿದ ಗುಂಪೊಂದು ರಾಜಸ್ಥಾನದಿಂದ ಬಂದಿದ್ದ ತರುಣನನ್ನು ಹೊಡೆದು ಕೊಂದಿತು. ಹೊಡೆದವರು ತಮ್ಮನ್ನು ಕೀಚಕರೆಂದು ತಿಳಿದಿರಲಾರರು, ಭೀಮರೆಂದೇ ತಿಳಿದಿರಬೇಕು. ಆದರೆ ಅಲ್ಲಿ ಸಭೆಗೆ ಮೊರೆಯಿಟ್ಟ ದ್ರೌಪದಿಯೂ ಇರಲಿಲ್ಲ, ಕೀಚಕನೂ ಇರಲಿಲ್ಲ.

ಆದುದರಿಂದ ಇಂತಹ ಕಥೆಗಳನ್ನು ಮನೆಯಿಂದ ಹೊರಗಿಡಬೇಕಾಗಿಲ್ಲ. ಓದುವ ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕಲಿಸಿದರೆ ಸಾಕು. ನೊಂದವರು ಮೊದಲು ಯಾರ ಬಾಗಿಲು ತಟ್ಟಿದರು? ಕೈಯೆತ್ತಿದವನು ಹಿಂಜರಿದನೆ? ಮರುದಿನ ಆ ಊರಿನಲ್ಲಿ ಏನಾಯಿತು? ಈ ಮೂರಕ್ಕೂ ಉತ್ತರವುಳ್ಳ ಕಥೆಯು ಸಭೆಯನ್ನು ಎಚ್ಚರಿಸುವುದು. ಉತ್ತರವಿಲ್ಲದ್ದು ಗುಂಪನ್ನು ಎಬ್ಬಿಸುವುದು.