ಪ್ಲಗ್ ಓದುವ ವಿದ್ಯೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಇನ್ನೂ ಓಡುತ್ತಿರುವುದಕ್ಕೆ ಹಳೇ ಮೆಕ್ಯಾನಿಕ್‌ಗಳ ತರ್ಕಬುದ್ಧಿಯೂ ಕಾರಣ. ನಿಂತಲ್ಲಿ ಚೆನ್ನಾಗಿ ಓಡುವ ಇಂಜಿನ್ನು ಆಕ್ಸಿಲರೇಟರ್ ತಿರುವಿದೊಡನೆ ಮುಗ್ಗರಿಸಿದರೆ ಅವರು ಮೊದಲು ಬಿಚ್ಚುವುದು ಸ್ಪಾರ್ಕ್ ಪ್ಲಗ್ಗನ್ನು. ತುದಿ ಬೆಳ್ಳಗಿದ್ದರೆ ಸಾಮಾನ್ಯವಾಗಿ ಪೆಟ್ರೋಲ್ ಸಾಲುತ್ತಿಲ್ಲ: ಕಾರ್ಬುರೇಟರಿನ ಮೇನ್ ಜೆಟ್ಟಿನಲ್ಲಿ ಕಸ, ಇಲ್ಲವೇ ಎಲ್ಲೋ ಗಾಳಿ ಸೋರಿಕೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಅಥವಾ ಕಿಡಿ ದುರ್ಬಲ. ಟೂ ಸ್ಟ್ರೋಕ್ ಆದ್ದರಿಂದ ಸೈಲೆನ್ಸರಿನಲ್ಲಿ ಕಟ್ಟಿದ ಕಾರ್ಬನ್ನನ್ನೂ ಅವರು ಮರೆಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ, ಮತ್ತೆ ಪ್ಲಗ್ ನೋಡುವ ಈ ತಾಳ್ಮೆ ಪ್ರಯೋಗಶಾಲೆಯ ಶಿಸ್ತಿಗೆ ಕಡಿಮೆಯದಲ್ಲ. ಇಷ್ಟೆಲ್ಲ ಏಕೆ, ಹೊಸ ಕಾರ್ಬುರೇಟರ್ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಆದರೆ ಸವೆದದ್ದು ಕ್ರ್ಯಾಂಕಿನ ಆಯಿಲ್ ಸೀಲಾಗಿದ್ದರೆ ಗಾಳಿ ಅಲ್ಲಿಂದಲೇ ನುಗ್ಗುವುದರಿಂದ, ಎಷ್ಟು ಒಳ್ಳೆಯ ಕಾರ್ಬುರೇಟರ್ ಕೂರಿಸಿದರೂ ಸಿಲಿಂಡರಿಗೆ ಸೇರುವುದು ಗಾಳಿ ಹೆಚ್ಚಾದ ಮಿಶ್ರಣವೇ.