ವಿಯೋಗವೂ ಗಾನವೂ: ಕೋಲಾರ ಸೀಮೆಯ ಎರಡು ಕೃತಿಗಳು

ಸಂಗೀತವು ದುಃಖವನ್ನು ಮರೆಯಿಸುತ್ತದೆಂಬುದು ಲೋಕರೂಢಿಯ ಮಾತು. ಕೋಲಾರ ಸೀಮೆಗೆ ಸಂಬಂಧಿಸಿದ ಎರಡು ಕೃತಿಗಳು ಈ ಮಾತನ್ನು ಒಪ್ಪುವುದಿಲ್ಲವೆಂದು ನಮಗೆ ತೋರುತ್ತದೆ.

ಮುಳಬಾಗಿಲಿನಲ್ಲಿ ನೆಲಸಿ ವೃಂದಾವನಸ್ಥರಾದ ಶ್ರೀಪಾದರಾಜರು ಭಾಗವತ ದಶಮಸ್ಕಂಧದ ಪ್ರಸಂಗವೊಂದನ್ನು ಕನ್ನಡದ 'ಭ್ರಮರಗೀತೆ'ಯಾಗಿಸಿದರು. ಕೃಷ್ಣನು ಮಥುರೆಗೆ ಹೋಗಿದ್ದಾನೆ. ಉದ್ಧವನು ತತ್ತ್ವೋಪದೇಶವನ್ನು ತಂದಿದ್ದಾನೆ. ಗೋಪಿಯರಿಗೆ ಅದು ಸಾಲದು. ದುಂಬಿಯ ನೆವದಿಂದ ಅವರು ಆಡುವ ದೂರೆಲ್ಲವೂ ನೆನಪೇ. ದೂರುವಷ್ಟು ಕಾಲ ಅಗಲಿದವನು ಸಮೀಪದಲ್ಲಿರುತ್ತಾನೆ.

ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಜನಿಸಿದ ಮಾಸ್ತಿಯವರ 'ಸುಬ್ಬಣ್ಣ' (1928) ಇದೇ ವಿಷಯವನ್ನು ಗದ್ಯದಲ್ಲಿ ಎತ್ತಿಕೊಳ್ಳುತ್ತದೆ. ತಂದೆಯೊಡನೆ ಮನಸ್ತಾಪ, ಕಲ್ಕತ್ತೆಯ ವಾಸ, ಸಂತಾನವಿಯೋಗ, ಪತ್ನೀವಿಯೋಗ, ಇಷ್ಟನ್ನೂ ಮಾಸ್ತಿಯವರು ಆರ್ಭಟವಿಲ್ಲದೆ ಹೇಳುತ್ತಾರೆ. ಸುಬ್ಬಣ್ಣನು ಗಾನದ ಬಲದಿಂದ ಶೋಕವನ್ನು ಗೆದ್ದನೆನ್ನುವುದು ಸುಲಭ. ನಮ್ಮ ಮತ ಬೇರೆ. ಮೊದಲು ಅವನನ್ನು ಮನೆಯಿಂದ ದೂರಮಾಡಿದ ಸಂಗೀತವೇ ಕಡೆಗೆ, ಕಳೆದುಕೊಂಡವರ ಸ್ಮರಣೆಗೆ ಆಶ್ರಯವಾಗುತ್ತದೆ. ಅವನ ಶಾಂತಿಯನ್ನು ಮರೆವೆಂದು ತಿಳಿದರೆ ಕೃತಿಗೆ ಅನ್ಯಾಯವಾಗುತ್ತದೆ.

ಗೋಪಿಯರು ವಿರಹವನ್ನು ಬಿಡಲೊಲ್ಲರು. ಸುಬ್ಬಣ್ಣನು ಅದನ್ನು ಹೊತ್ತುಕೊಂಡೇ ಶಾಂತನಾಗುತ್ತಾನೆ. ಇದು ಎರಡು ಕೃತಿಗಳಿಗಿರುವ ಭೇದ. ಆದರೆ ಎರಡರಲ್ಲಿಯೂ ಗಾನವು ನಷ್ಟವನ್ನು ತುಂಬಿಕೊಡುವುದಿಲ್ಲ. ಅದು ಪ್ರೀತಿಯನ್ನು ಕಾಪಾಡುತ್ತದೆ.