ಬುಗುಡಿಯ ಮುತ್ತಿಗೆ ಎಷ್ಟು ವಯಸ್ಸು?

ಹಳೆಯ ಮುತ್ತಿನ ಒಡವೆಯಲ್ಲಿ ಮುತ್ತು, ಚಿನ್ನ, ದಾರ ಮೂರಕ್ಕೂ ಒಂದೇ ವಯಸ್ಸು ಇರಬೇಕೆಂದೇನಿಲ್ಲ. ಶೀಳನೆರೆ, ಮೇಲುಕೋಟೆ, ನಾಗಮಂಗಲದ ಸೀಮೆಯಲ್ಲಿ ಅಜ್ಜಿಯಿಂದ ಬಂದ ಮುತ್ತು ಹೆಚ್ಚಾಗಿ ಕಿವಿಯ ಮೇಲ್ಭಾಗಕ್ಕೆ ತೊಡುವ ಬುಗುಡಿ, ನತ್ತು, ಓಲೆಗಳಲ್ಲಿ ಕೂತಿರುತ್ತದೆ. ಬುಗುಡಿ ಮುರಿಸಿ ಸೊಸೆಗೆ ಜುಮುಕಿ ಮಾಡಿಸಿದಾಗ ಚಿನ್ನ ಕರಗುತ್ತದೆ. ಮುತ್ತು ಹಾಗೇ ಹೊಸ ಒಡವೆಗೆ ದಾಟುತ್ತದೆ. ಆದ್ದರಿಂದ ಕಾಲವನ್ನು ಬಿಡಿಬಿಡಿಯಾಗಿಯೇ ಹುಡುಕಬೇಕು, ಅದೂ ಮುತ್ತಿನ ತೂತಿನಿಂದ ಶುರುಮಾಡಬೇಕು. ಹೊಳಪು ನೋಡಿ ವಯಸ್ಸು ಹೇಳಹೊರಟವರು ಮೋಸಹೋಗುವುದೇ ಹೆಚ್ಚು.

ಅಕ್ಕಸಾಲಿಯ ಭೂತಗನ್ನಡಿಯಲ್ಲಿ ತೂತಿನ ಬಾಯನ್ನು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನಕಲಿಯಾದರೆ ಲೇಪ ಅಂಚಿನಲ್ಲಿ ಸಿಪ್ಪೆಯಂತೆ ಎದ್ದು ಒಳಗಿನ ಗಾಜು ಮಿನುಗುತ್ತದೆ. ಸಾಕಿ ಬೆಳೆಸಿದ ಕಲ್ಚರ್ಡ್ ಮುತ್ತಾದರೆ ಹೊರಗೆ ಮುತ್ತಿನ ತೆಳುಪದರ, ಒಳಗೆ ಚಿಪ್ಪಿನಿಂದ ಕಡೆದ ಮಣಿ, ಎರಡರ ನಡುವೆ ಹಲವು ಸಲ ಒಂದು ಕಪ್ಪು ಗೆರೆ. ಸಹಜ ಮುತ್ತಾದರೆ ಈರುಳ್ಳಿಯ ಹಾಗೆ ಪದರದೊಳಗೆ ಪದರ. ಅದನ್ನು ತೂಕದ ಲೆಕ್ಕದಲ್ಲಿ ಮಾರುತ್ತಿದ್ದುದರಿಂದ ಕೊರೆದ ಪುಡಿಯೂ ನಷ್ಟವೇ. ಹಾಗಾಗಿ ತೂತು ಸೂಜಿಮೊನೆಯಷ್ಟು ಸಣ್ಣದು. ಆದರೆ ಒಂದು ಎಚ್ಚರಿಕೆ: ದಪ್ಪ ದಾರಕ್ಕಾಗಿ ಮತ್ತೆ ಕೊರೆಸಿದ ಹಳೆಯ ಮುತ್ತುಗಳೂ ಇವೆ, ದೊಡ್ಡ ತೂತು ಕಂಡ ಮಾತ್ರಕ್ಕೆ ಹೊಸದೆನ್ನಲಾಗದು.

‘ಟಿಪ್ಪು ಕಾಲದ್ದು’ ಎಂಬ ಮಾತು ಈ ಸೀಮೆಯ ಒಡವೆಗಳಿಗೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಮುತ್ತಿನ ಮೋಹವಂತೂ ಇಲ್ಲಿ ಹಳೆಯದು. ಶ್ರೀರಂಗಪಟ್ಟಣದ ಅಲಮೇಲಮ್ಮನ ಐತಿಹ್ಯದಲ್ಲಿ ರಂಗನಾಯಕಿ ಅಮ್ಮನವರ ಮುತ್ತಿನ ಮೂಗುತಿ ಬರುತ್ತದೆ. ಟಿಪ್ಪು ತನ್ನ ಕರಾವಳಿಯಲ್ಲಿ ಮುತ್ತು ತೆಗೆಸಲು ಮುಳುಗುಗಾರರನ್ನು ಕಳುಹಿಸುವಂತೆ ಮಸ್ಕತ್ತಿನ ತನ್ನ ಪ್ರತಿನಿಧಿಗೆ ಬರೆಸಿದ್ದ. ಆ ಕಾಲದ ಮುತ್ತು ಪರ್ಷಿಯನ್ ಕೊಲ್ಲಿಯ ‘ಬಸ್ರಾ’ ಅಥವಾ ಮನ್ನಾರ್ ಕೊಲ್ಲಿಯದು. ಸಣ್ಣದು, ಕೆನೆಬಣ್ಣದ್ದು, ಒಂದರಂತೆ ಇನ್ನೊಂದಿರದು. ಜಪಾನಿನ ಮಿಕಿಮೊಟೊ 1893ರಲ್ಲಿ ಅರೆಮುತ್ತು ಬೆಳೆಸಿದರು. ಗುಂಡನೆಯ ಕಲ್ಚರ್ಡ್ ಮುತ್ತು ಪೇಟೆಗೆ ಬಂದದ್ದು 1920ರ ದಶಕದಲ್ಲಿ. ಒಳಗೆ ಮಣಿಯಿರುವ ಗುಂಡುಮುತ್ತು ಅದಕ್ಕೂ ಹಿಂದಿನದಾಗಿರಲಾರದು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದು. ಕಬ್ಬಿನ ದುಡ್ಡಿನಲ್ಲಿ ಮಾಡಿಸಿದ್ದು ಎಂದು ಮನೆಯವರು ಹೇಳುವ ಓಲೆಯಲ್ಲಿ ಜಪಾನ್ ಮುತ್ತಿದ್ದರೆ ಅಚ್ಚರಿಪಡಬೇಕಿಲ್ಲ.

ಮುತ್ತಿನ ಪಕ್ಕದ ಕೆಂಪೂ ಸಾಕ್ಷಿ ಹೇಳುತ್ತದೆ. ವೆರ್ನಾಯ್ ವಿಧಾನದ ಕೃತಕ ಕೆಂಪು 1902ರ ನಂತರದ್ದು. ಅದರೊಳಗೆ ಬಾಗಿದ ಗೆರೆಗಳು ಕಂಡರೆ ಆ ಕಲ್ಲು ಕೂರಿಸಿದ ಕೆಲಸವೂ ಆಮೇಲಿನದು, ಕಲ್ಲು ಬದಲಾಯಿಸಿರದಿದ್ದರೆ. ಚಿನ್ನದಲ್ಲಿ 14 ಕ್ಯಾರಟ್ ಬಂದರೆ, ಹೊಸ ಒಡವೆಗೆ ಅದೇ ಮಿತಿ ಹೇರಿದ್ದ 1963ರ ಚಿನ್ನ ನಿಯಂತ್ರಣದ ವರ್ಷಗಳನ್ನು ನೆನೆಯಬೇಕು. ಬಿಐಎಸ್ ಹಾಲ್‌ಮಾರ್ಕ್ 2000ದಿಂದ ಈಚೆಗಿನದು. ತೊಲದಲ್ಲಿ ತೂಕ ಬರೆದ ಚೀಟಿ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದನ್ನು ಎಸೆಯಲೇಬಾರದು; ಒಡವೆಯಷ್ಟೇ ಬೆಲೆಯ ಕಾಗದ ಅದು. ದಾರ ಹೇಳುವುದು ಕಡಿಮೆ, ಅದನ್ನು ಆಗಾಗ ಬದಲಿಸಿ ಪೋಣಿಸುತ್ತಾರೆ.

ಸವೆತವನ್ನೂ ನೋಡಬೇಕು. ಬಹಳ ಕಾಲ ಮೈಗೆ ತಾಗಿದ ಮುತ್ತು ಬೆವರಿಗೆ ಕರಗಿ ಪೀಪಾಯಿಯ ಆಕಾರಕ್ಕೆ ತಿರುಗುತ್ತದೆ. ಬುಗುಡಿಯಲ್ಲಾದರೆ ಕೂದಲಿನ ಕಡೆಯ ಮುತ್ತು ಎಣ್ಣೆ ಹೀರಿ ಹಳದಿಯಾಗಿ, ಹೊರಗಡೆಯದು ಬೆಳ್ಳಗಿರುವುದುಂಟು. ಚಿನ್ನ ತೊಳೆಯುವ ಹುಣಸೆನೀರಿಗೆ ಇಂಥದ್ದನ್ನು ಹಾಕುವುದೆಂದರೆ ಸಾಕ್ಷಿಯನ್ನೇ ಅಳಿಸಿದಂತೆ. ಹುಳಿ ಮುತ್ತಿನ ಪದರವನ್ನು ತಿನ್ನುತ್ತದೆ. ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಷ್ಟಾದರೂ ಭೂತಗನ್ನಡಿ ಸೋಲುವ ಒಂದು ಜಾಗವಿದೆ. ಚೀನಾದ ಸಿಹಿನೀರಿನ ಕಲ್ಚರ್ಡ್ ಮುತ್ತುಗಳಲ್ಲಿ ಹೆಚ್ಚಿನವಕ್ಕೆ ಒಳಮಣಿಯೇ ಇಲ್ಲ, ತೂತಿನಲ್ಲಿ ಸಹಜ ಮುತ್ತಿನಂತೆಯೇ ಕಾಣುತ್ತವೆ. ಅವು ದೊಡ್ಡ ಪ್ರಮಾಣದಲ್ಲಿ ಬಂದದ್ದು 1970ರ ದಶಕದಿಂದೀಚೆಗೆ. ಬಸ್ರಾ ಎಂದು ಬೆಲೆ ಕಟ್ಟುವ ಮುಂಚೆ ರತ್ನ ಪ್ರಯೋಗಾಲಯದ ಎಕ್ಸ್‌ರೇ ಬೇಕಾಗುವುದು ಇದಕ್ಕೇ.